ನೆಲಕ್ಕೆ ಊರಬಾರದಿದ್ದ ಕಾಲು

ಅಡುಗೆಯವರು ನಮ್ಮ ಪಾದದ ಕೋಣೆಗೆ ಮೊದಲ ಸಲ ಬಂದದ್ದು ಶಾಲೆಗಳಿಗೆ ದಸರಾ ರಜೆ ಶುರುವಾದ ವಾರ. ಪಾದದ ಕೋಣೆ ಅಂದರೆ ಜಯನಗರದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯ ನೆಲಮಹಡಿಯಲ್ಲಿ, ಹಿಂದೊಮ್ಮೆ ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಜಾಗ. ಸಕ್ಕರೆ ಕಾಯಿಲೆಯವರ ಕಾಲು ನೋಡುವುದು ಅಲ್ಲಿನ ಕೆಲಸ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ನರ್ಸ್ ಆದ ನಾನೇ. ಗಾಯ ತೊಳೆಯುವುದು, ಕಟ್ಟುವುದು, ಅದಕ್ಕಿಂತ ಹೆಚ್ಚಾಗಿ ಹೇಳಿಕೊಡುವುದು. ಉಗುರು ಹೇಗೆ ಕತ್ತರಿಸಬೇಕು, ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ಯಾಕೆ ನೋಡಬೇಕು, ಊದಿದ ಕಾಲನ್ನು ಎಷ್ಟು ಎತ್ತರಕ್ಕೆ ಇಡಬೇಕು, ಇಂಥವು. ಹೇಳಿಕೊಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಅನ್ನುವ ಹೆಮ್ಮೆ ನನಗಿತ್ತು. ಬಾಯಿ ಜೋರು ಅನ್ನುವ ಹೆಸರೂ ಇತ್ತು.

ಅಡುಗೆಯವರಿಗೆ ಐವತ್ತನಾಲ್ಕು ವರ್ಷ. ಬನಶಂಕರಿಯಲ್ಲಿ ಮನೆ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡುವ ಕಸುಬು. ಜೊತೆಯಲ್ಲಿ ಬಂದಿದ್ದ ಹೆಂಡತಿ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಆಯಾ. ಮನೆಯಲ್ಲಿ ಇಬ್ಬರೇ. ಎಡಗಾಲು ಹದಿನೈದು ದಿನದಿಂದ ಊದಿತ್ತು, ಕೆಂಪಗಾಗಿತ್ತು. ಒಂದು ಆಸ್ಪತ್ರೆಯಲ್ಲಿ ಉಳುಕು ಅಂದರಂತೆ, ಇನ್ನೊಂದು ಕಡೆ ಕೀವಾಗಿದೆ ಅಂತ ಮಾತ್ರೆ ಕೊಟ್ಟರಂತೆ. ಯಾವುದಕ್ಕೂ ಜಗ್ಗಿರಲಿಲ್ಲ.

"ನೋವು ಎಷ್ಟಿದೆ?" ಅಂತ ಕೇಳಿದೆ.

"ನೋವೇ ಇಲ್ಲ ಮೇಡಂ. ಅದಕ್ಕೇ ಇಷ್ಟು ದಿನ ಬಿಟ್ಟಿದ್ದು."

ಕಣ್ಣು ಮುಚ್ಚಲು ಹೇಳಿ, ಅಂಗಾಲಿನ ಹತ್ತು ಜಾಗಗಳಿಗೆ ತೆಳು ನೈಲಾನ್ ಎಳೆಯೊಂದನ್ನು ಬಾಗುವವರೆಗೆ ಒತ್ತಿದೆ. ಮುಟ್ಟಿದ ಕೂಡಲೇ ಹೂಂ ಅನ್ನಬೇಕು, ಅದು ಪರೀಕ್ಷೆ. ಎರಡೂ ಕಾಲು ಮುಗಿಸಿ ಎಳೆಯನ್ನು ಡಬ್ಬಿಗೆ ಹಾಕಿದ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ, "ಯಾವಾಗ ಶುರು ಮಾಡ್ತೀರಾ?" ಅಂದರು. ಹೆಂಡತಿ ನನ್ನ ಮುಖ ನೋಡಿದರು. ನಾನು ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಆಮೇಲೆ ಶಾಖ ಅಳೆದೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದೆವಲ್ಲ, ಅದೇ ಥರದ ಯಂತ್ರ, ಚರ್ಮದ ಮೇಲ್ಮೈ ಶಾಖ ತೋರಿಸುವುದು. ಎರಡೂ ಪಾದಗಳ ಒಂದೇ ಜಾಗಕ್ಕೆ ಹಿಡಿಯಬೇಕು. ಎಡಗಾಲು ಮೂವತ್ತನಾಲ್ಕು ಮುಕ್ಕಾಲು ಡಿಗ್ರಿ ಸೆಲ್ಸಿಯಸ್, ಬಲಗಾಲು ಮೂವತ್ತೊಂದೂವರೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಮಗೆ ಅದು ಅಪಾಯದ ಗುರುತು. ಡಾಕ್ಟರು ಅವರನ್ನು ಮಲಗಿಸಿ ಹತ್ತು ನಿಮಿಷ ಕಾಲೆತ್ತಿ ಇಡಿಸಿದರು. ಕೆಂಪು ಇಳಿಯಿತು. ಸೋಂಕಾಗಿದ್ದರೆ ಹಾಗೆ ಇಳಿಯುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂ.ಆರ್.ಐ.ಯಲ್ಲಿ ಪಾದದ ನಡುವಿನ ಮೂಳೆಗಳೆಲ್ಲ ಊದಿಕೊಂಡಿದ್ದವು.

"ಇದು ಮೂಳೆಯೊಳಗಿನ ಉರಿಯೂತ," ಅಂದರು ಡಾಕ್ಟರು. "ಸಕ್ಕರೆ ಕಾಯಿಲೆಯಿಂದ ನರ ಸತ್ತಿರೋದ್ರಿಂದ ನಿಮಗೆ ನೋವು ಗೊತ್ತಾಗ್ತಿಲ್ಲ. ಮೂಳೆ ಈಗ ಚಹಾದಲ್ಲಿ ಅದ್ದಿದ ಬಿಸ್ಕತ್ತು ಇದ್ದ ಹಾಗೆ. ಮೇಲೆ ಭಾರ ಬಿದ್ರೆ ಕುಸಿಯುತ್ತೆ. ಒಂದ್ಸಲ ಕುಸಿದ್ರೆ ಕಾಲಿನ ಆಕಾರವೇ ಕೆಡುತ್ತೆ, ಹುಣ್ಣಾಗುತ್ತೆ, ಆಮೇಲೆ ಕಾಲು ಉಳಿಯೋದು ಕಷ್ಟ."

"ಮಾತ್ರೆ?"

"ಇದಕ್ಕೆ ಮಾತ್ರೆ ಇಲ್ಲ. ಆ ಕಾಲಿಗೆ ಭಾರ ಹಾಕದೇ ಇರೋದೇ ಔಷಧಿ. ಮೂರು ತಿಂಗಳು, ನಾಲ್ಕೂ ಆಗಬಹುದು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕ್ತೀವಿ, ವಾರ ವಾರ ಬಿಚ್ಚಿ ನೋಡಿ ಮತ್ತೆ ಹಾಕ್ತೀವಿ."

ಪ್ಲಾಸ್ಟರ್ ಅಂದದ್ದೇ ತಡ, ಅಡುಗೆಯವರು ಎರಡೂ ಕೈ ಆಡಿಸಿದರು. "ಬೇಡ ಸಾರ್. ತಲೆಯಿಂದ ಕಾಲವರೆಗೆ ನೀರು ಸುರ್ಕೊಳ್ದೆ ನಾನು ಒಂದು ದಿನವೂ ಒಲೆ ಹಚ್ಚಿದೋನಲ್ಲ, ದೇವರ ಮುಂದೆ ದೀಪ ಹಚ್ಚಿದೋನಲ್ಲ. ಬಿಚ್ಚೋಕೆ ಬರೋ ಅಂಥದ್ದು ಏನಾದ್ರೂ ಕೊಡಿ."

ಬಿಚ್ಚಲು ಬರುವಂಥದ್ದು ಇದೆ. ಮೊಣಕಾಲವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ಎಳೆದು ಅಂಟಿಸುವ ಐದು ಪಟ್ಟಿ, ದಪ್ಪ ಅಟ್ಟೆ. ಸರಿಯಾಗಿ ಹಾಕಿಕೊಂಡರೆ ಪಾದದ ಭಾರವನ್ನು ಕಾಲಿಗೆಲ್ಲ ಹಂಚುತ್ತದೆ. ಡಾಕ್ಟರಿಗೆ ಅದರ ಮೇಲೆ ನಂಬಿಕೆ ಕಡಿಮೆ. ಬಿಚ್ಚಲು ಬರುವುದನ್ನು ಜನ ಬಿಚ್ಚಿಯೇ ಬಿಚ್ಚುತ್ತಾರೆ ಅನ್ನುವುದು ಅವರ ಮಾತು. ನಡುವೆ ಬಾಯಿ ಹಾಕಿದವಳು ನಾನು. "ಬೂಟೇ ಕೊಡೋಣ ಸಾರ್. ಹೇಳಿಕೊಡೋದು ನನ್ನ ಜವಾಬ್ದಾರಿ," ಅಂದೆ. ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದರು.

ಅವತ್ತು ನಾನು ಮುಕ್ಕಾಲು ಗಂಟೆ ಪಾಠ ಮಾಡಿದೆ. ಬೂಟು ಹಾಕುವುದು, ಬಿಚ್ಚುವುದು, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯುವುದು, ಒಳಗೆ ಹೊಲಿಗೆ ಇಲ್ಲದ ಕಾಲುಚೀಲ. ಕೂತಾಗ ಕಾಲು ಎರಡು ದಿಂಬಿನ ಮೇಲೆ. ದಿನಕ್ಕೆರಡು ಸಲ ಕನ್ನಡಿ ಹಿಡಿದು ಅಂಗಾಲು ನೋಡುವುದು. ಬೂಟಿಲ್ಲದೆ ಒಂದು ಹೆಜ್ಜೆ ಕೂಡ ಇಡಬಾರದು. ನಮ್ಮಲ್ಲಿ ಹೇಳಿಕೊಟ್ಟರೆ ಸಾಲದು, ಅವರ ಬಾಯಿಂದ ವಾಪಸ್ ಹೇಳಿಸಬೇಕು. ಅವರು ಒಂದೂ ತಪ್ಪದೆ ಒಪ್ಪಿಸಿದರು. ನೂರು ಜನಕ್ಕೆ ಎಷ್ಟು ಬೇಳೆ, ಎಷ್ಟು ಹುಣಸೆ ಅಂತ ಬಾಯಲ್ಲೇ ಇಟ್ಟುಕೊಳ್ಳುವ ಮನುಷ್ಯ, ಅವರಿಗೆ ಇದೇನು ಮಹಾ. "ಅರ್ಥವಾಗಿದೆ" ಅನ್ನುವ ಚೌಕದಲ್ಲಿ ಗುರುತು ಹಾಕಿದೆ.

ಮೊದಲ ಮೂರು ವಾರ ಎಲ್ಲ ಚೆನ್ನಾಗಿ ನಡೆಯಿತು. ಗುರುವಾರ ಗುರುವಾರ ಬರುತ್ತಿದ್ದರು. ಕೋಣೆಯ ಮೂಲೆಯಲ್ಲಿ ಬೇಸಿನ್ ಇದೆ. ಹಿಂದಿನ ರೋಗಿ ಹೋದ ಮೇಲೆ ನಾನು ಬಾಗಿಲಿಗೆ ಬೆನ್ನು ಹಾಕಿ ಕೈ ತೊಳೆದುಕೊಂಡು ತಿರುಗುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕೂತು ಕಾಲು ಚಾಚಿರುತ್ತಿದ್ದರು. ಎರಡೂ ಕಾಲಿನ ಶಾಖದ ವ್ಯತ್ಯಾಸ ಮೂರೂಕಾಲಿನಿಂದ ಎರಡೂವರೆಗೆ ಇಳಿಯಿತು, ಅಲ್ಲಿಂದ ಎರಡಕ್ಕೆ. ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣಿಸಿತು. ನಾನು ಡಾಕ್ಟರಿಗೆ "ನೋಡಿದ್ರಾ ಸಾರ್" ಅಂತ ಬೀಗಿದೆ.

ನಾಲ್ಕನೇ ವಾರ ಇಳಿಯುವುದು ನಿಂತಿತು. ಐದನೇ ವಾರ ಮತ್ತೆ ಎರಡೂಮುಕ್ಕಾಲು. ಬೂಟು ಹಾಕ್ಕೋತಿದ್ದೀರಾ ಅಂದರೆ ಹಾಕ್ಕೋತೀನಿ ಅಂದರು. ಕಾಲು ಮೇಲಿಡ್ತಿದ್ದೀರಾ ಅಂದರೆ ಕೂತಾಗೆಲ್ಲ ಇಡ್ತೀನಿ ಅಂದರು. ಆರನೇ ವಾರ ಮೂರು. ಅಷ್ಟು ಹೊತ್ತಿಗೆ ದೀಪಾವಳಿ ಮುಗಿದು ಮದುವೆಗಳು ಶುರುವಾಗಿದ್ದವು. ಆಸ್ಪತ್ರೆ ದಾರಿಯಲ್ಲೇ ಮೂರು ಛತ್ರಗಳು, ಮೂರಕ್ಕೂ ದೀಪದ ಸರ. ಅವತ್ತು ಅವರ ಬೆರಳುಗಳಲ್ಲಿ ಅರಿಶಿನ ಇತ್ತು, ಬಟ್ಟೆಯಲ್ಲಿ ಹುರಿದ ಕೊತ್ತಂಬರಿಯ ವಾಸನೆ.

ನನ್ನೊಳಗಿನ ಪೊಲೀಸು ಎದ್ದು ಕೂತಿತು. "ಬೂಟು ಕೊಡಿ ನೋಡೋಣ," ಅಂದೆ. ಹೆಂಡತಿ ಅವತ್ತು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದರು. ಹೊರಗಿನಿಂದ ಬೂಟು ತಂದುಕೊಟ್ಟರು. ತಿರುಗಿಸಿ ಅಟ್ಟೆ ನೋಡಿದೆ. ಒಂದೂವರೆ ತಿಂಗಳು ಹಾಕಿದ ಬೂಟಿನ ಅಟ್ಟೆ ಸವೆದಿರಬೇಕು. ಇದರ ರಬ್ಬರಿನ ಮೇಲಿನ ಗೆರೆಗಳು ಅಂಗಡಿಯಿಂದ ತಂದಾಗ ಇದ್ದ ಹಾಗೇ ಇದ್ದವು.

"ಇದು ಹಾಕಿದ ಬೂಟಾ?"

"ನಾನು ಎಲ್ಲೂ ಹೋಗೋದೇ ಇಲ್ಲವಲ್ಲ ಮೇಡಂ. ಮನೇಲೇ ಇರ್ತೀನಿ. ಇಲ್ಲಿಗೆ ಬರೋವಾಗ ಮಾತ್ರ ಹೊರಗೆ ಬರೋದು."

ಇಡೀ ಉತ್ತರ ಆ ಮಾತಿನಲ್ಲಿತ್ತು. ನನ್ನ ಕಿವಿಗೆ ಅದು ಕಳ್ಳನ ನೆಪದ ಹಾಗೆ ಕೇಳಿಸಿತು.

"ಬೆರಳಲ್ಲಿ ಅರಿಶಿನ ಇದೆಯಲ್ಲ. ಯಾವ ಛತ್ರ?"

"ಮನೆ ಅಡುಗೆ ಮೇಡಂ. ಇವಳು ಸ್ಕೂಲಿಗೆ ಹೋಗ್ತಾಳೆ, ಡಬ್ಬಿಗೆ ನಾನೇ ಮಾಡ್ತೀನಿ. ದೇವರಾಣೆ, ಒಂದು ಆರ್ಡರೂ ಹಿಡಿದಿಲ್ಲ."

"ಥರ್ಮಾಮೀಟರ್ ಸುಳ್ಳು ಹೇಳಲ್ಲ," ಅಂದೆ. ಆಮೇಲೆ ಹೆಂಡತಿ ಕಡೆ ತಿರುಗಿ, "ನೀವು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರ. ಇವರು ಎಲ್ಲಿಗೆ ಹೋಗ್ತಾರೆ ಅಂತ ನಿಮಗೇನು ಗೊತ್ತು? ಬೇಕಾದ್ರೆ ಬೀಗ ಹಾಕ್ಕೊಂಡು ಹೋಗಿ," ಅಂತ ನಕ್ಕೆ. ಬೈದ ಮೇಲೆ ಒಂದು ತಮಾಷೆ ಮಾಡಿ ತಿಳಿಗೊಳಿಸುವುದು ನನ್ನ ರೂಢಿ. ಅಡುಗೆಯವರು ನಗಲಿಲ್ಲ. ಅವರ ಹೆಂಡತಿಯೂ ನಗಲಿಲ್ಲ. ಅವರು ಹೋದ ಮೇಲೆ ಕೇಸ್ ಶೀಟಿನಲ್ಲಿ ಬರೆದೆ: ರೋಗಿ ಸೂಚನೆ ಪಾಲಿಸುತ್ತಿಲ್ಲ, ಬೂಟು ಬಳಸುತ್ತಿಲ್ಲ, ಕೆಲಸಕ್ಕೆ ಹೋಗುತ್ತಿರುವ ಶಂಕೆ. ಕೆಳಗೆ ನನ್ನ ಸಹಿ.

ಆ ವಾರದ ಎಕ್ಸ್‌ರೇಯಲ್ಲಿ ಮೂಳೆ ಇನ್ನೂ ನೆಟ್ಟಗಿತ್ತು. ಡಾಕ್ಟರು, "ಇನ್ನೆರಡು ಮೂರು ವಾರ ನೋಡಿ, ಇಳೀಲಿಲ್ಲ ಅಂದ್ರೆ ಅವರು ಏನೇ ಅನ್ನಲಿ, ಪ್ಲಾಸ್ಟರ್," ಅಂದರು. ಏಳನೇ ವಾರ ಮೂರೂವರೆ, ಎಂಟನೇ ವಾರ ನಾಲ್ಕು. ಅಡುಗೆಯವರು ಮಾತು ಕಡಿಮೆ ಮಾಡಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ. ಸಿಕ್ಕಿಬಿದ್ದವರು ಹಾಗೇ ಇರುತ್ತಾರೆ ಅಂದುಕೊಂಡೆ.

ಒಂಬತ್ತನೇ ವಾರ ನಮ್ಮ ಬೇಸಿನ್ ಕಟ್ಟಿಕೊಂಡಿತ್ತು. ಪ್ಲಂಬರ್ ಒಳಗೆ ಪೈಪು ಬಿಚ್ಚಿ ಕೂತಿದ್ದರಿಂದ ನಾನು ಕೈ ತೊಳೆಯಲು ಎಕ್ಸ್‌ರೇ ಕೋಣೆಗೆ ಹೋಗಿ ವಾಪಸ್ ಬರುತ್ತಿದ್ದೆ. ಅಡುಗೆಯವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಹೆಂಡತಿ ಚೀಟಿ ಮಾಡಿಸುವ ಸಾಲಿನಲ್ಲಿದ್ದರು. ತಮ್ಮ ಸರದಿ ಕೂಗಿದ್ದೇ ಅಡುಗೆಯವರು ಬಗ್ಗಿ, ಪರ್ ಪರ್ ಅಂತ ಐದೂ ಪಟ್ಟಿ ಎಳೆದು, ಬೂಟು ಬಿಚ್ಚಿ, ಗೋಡೆ ಬದಿಗೆ ಬೇರೆಯವರ ಚಪ್ಪಲಿಗಳ ಸಾಲಿನಲ್ಲಿ ಇಟ್ಟರು. ಆಮೇಲೆ ಎದ್ದು ಬರಿಗಾಲಲ್ಲಿ ಸಲೀಸಾಗಿ ನಡೆದರು. ಒಂಬತ್ತು ಹೆಜ್ಜೆ. ನಾನು ಎಣಿಸಿದೆ.

"ನಿಲ್ಲಿ," ಅಂದೆ. "ಬೂಟು ಯಾಕೆ ಬಿಚ್ಚಿದ್ರಿ?"

ಅವರು ತಬ್ಬಿಬ್ಬಾಗಿ ಬಾಗಿಲ ಮೇಲೆ ನೋಡಿದರು. "ಬೋರ್ಡ್ ಇದೆಯಲ್ಲ ಮೇಡಂ."

ಪಾದರಕ್ಷೆಗಳನ್ನು ಹೊರಗೆ ಬಿಡಿ ಅನ್ನುವ ಬೋರ್ಡು. ಮಳೆಗಾಲದಲ್ಲಿ ಕೆಸರು ತುಳಿದು ಬರುತ್ತಾರೆ, ಗಾಯ ಬಿಚ್ಚುವ ಜಾಗ ಚೊಕ್ಕಟವಾಗಿರಲಿ ಅಂತ ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದು. ಒಳಗೆ ಕೂತು ಬರಿಗಾಲಲ್ಲಿ ನಡೆಯಬೇಡಿ ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುವವಳು, ಬಂದ ಪ್ರತಿಯೊಬ್ಬರನ್ನೂ ಬಾಗಿಲಲ್ಲೇ ಬರಿಗಾಲು ಮಾಡಿ ಒಳಗೆ ಕರೆಸಿಕೊಂಡಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನನ್ನದು ಕತ್ತಲೆಯಲ್ಲ, ಕುರುಡು.

ಅವರನ್ನು ಅಲ್ಲೇ ಗಾಲಿಕುರ್ಚಿಯಲ್ಲಿ ಕೂರಿಸಿದೆ. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಕೇಳಲು ಧೈರ್ಯ ಬರಲಿಲ್ಲ, ಆದರೂ ಕೇಳಿದೆ. "ಮನೇಲಿ?"

"ಮನೆ ಒಳಗೆ ಹೇಗೆ ಹಾಕ್ಕೊಳೋದು ಮೇಡಂ? ಬೀದಿ ತುಳಿದದ್ದು. ಅಡುಗೆ ಮನೆ, ದೇವರ ಮನೆ ಎಲ್ಲ ಒಂದೇ ಕಡೆ ಇದೆ. ಬಾಗಿಲಲ್ಲಿ ಬಿಡ್ತೀನಿ. ಹೊರಗೆ ಕಾಲಿಟ್ರೆ ಬೂಟಿಲ್ಲದೆ ಒಂದು ಹೆಜ್ಜೆಯೂ ಇಟ್ಟಿಲ್ಲ. ನೀವು ಹೇಳಿದ ಹಾಗೇ ಮಾಡಿದೀನಿ."

ಹೌದು. ನಾನು ಒಂದು ಹೆಜ್ಜೆ ಕೂಡ ಅಂದಿದ್ದೆ, ಮನೆಯೊಳಗಿನ ಹೆಜ್ಜೆ ಅಂತ ಬಾಯಿಬಿಟ್ಟು ಅಂದಿರಲಿಲ್ಲ. ಅನ್ನಬೇಕು ಅಂತಲೇ ಹೊಳೆದಿರಲಿಲ್ಲ. ಕೋಣನಕುಂಟೆಯ ನಮ್ಮ ಮನೆಯಲ್ಲಿ ನಾನೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತೇನೆ. ನಾಳೆ ಯಾರಾದರೂ ನನಗೆ ಅಂಥದ್ದೊಂದು ಬೂಟು ಕೊಟ್ಟರೆ ನಾನೂ ಅದನ್ನು ಹೊಸಿಲ ಆಚೆಗೇ ಇಡುತ್ತಿದ್ದೆ. ಬೂಟು ಅಂತ ಕರೆದ ಮೇಲೆ ಅದು ಪಾದರಕ್ಷೆಯೇ ಅಲ್ಲವೇ.

ಮೊದಲ ಮೂರು ವಾರ ಯಾಕೆ ಇಳಿಯಿತು ಅನ್ನುವುದೂ ಆಗ ತಿಳಿಯಿತು. ದಸರಾ ರಜೆಯಲ್ಲಿ ಹೆಂಡತಿ ಮನೆಯಲ್ಲಿದ್ದರು, ಕೂತಲ್ಲಿಗೇ ತಟ್ಟೆ ಬರುತ್ತಿತ್ತು. ಶಾಲೆ ತೆರೆದ ಮೇಲೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಇವರದ್ದು, ಗ್ರಾನೈಟ್ ನೆಲದ ಮೇಲೆ, ಬರಿಗಾಲಲ್ಲಿ.

"ಈ ಮೂರು ವಾರದಿಂದ ಇನ್ನೂ ಜಾಸ್ತಿ ಆಗಿದೆಯಲ್ಲ," ಅಂದೆ. "ಏನು ಮಾಡ್ತಿದ್ರಿ?"

ಅವರು ಸಾಲಿನಲ್ಲಿ ನಿಂತ ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅವಳು ಬೀಗ ಹಾಕ್ಕೊಂಡು ಹೋಗ್ತಾಳೆ ಮೇಡಂ. ಮೊದಲಾದ್ರೆ ಮಧ್ಯಾಹ್ನ ಮನೆ ಮುಂದಿನ ಕಟ್ಟೆ ಮೇಲೆ ಕೂತ್ಕೋತಿದ್ದೆ, ಪಕ್ಕದ ಮನೆಯವರು ಬರೋರು, ಪೇಪರ್ ಓದ್ತಿದ್ದೆ. ಈಗ ಒಳಗೆ ಒಬ್ಬನೇ. ಹೊತ್ತು ಹೋಗಲ್ಲ. ಶುಗರ್‌ಗೂ ಒಳ್ಳೇದಲ್ವಾ ಅಂತ ಈ ಗೋಡೆಯಿಂದ ಆ ಗೋಡೆಗೆ ವಾಕಿಂಗ್ ಮಾಡ್ತಿದ್ದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ."

ನಾನು ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡು ನಿಂತೆ. ಪ್ಲಂಬರ್ ಒಳಗಿನಿಂದ, "ಸಿಸ್ಟರ್, ನೀರು ಬಿಟ್ಟು ನೋಡಿ," ಅಂತ ಕೂಗುತ್ತಿದ್ದ.

ಎಕ್ಸ್‌ರೇಯಲ್ಲಿ ಪಾದದ ಕಮಾನು ಇರಲಿಲ್ಲ. ನಡುವಿನ ಮೂಳೆಗಳು ಜರುಗಿ ಕೆಳಕ್ಕೆ ಇಳಿದಿದ್ದವು. ಒಳಗೆ ಬಾಗಬೇಕಾದ ಅಂಗಾಲು ಹೊರಕ್ಕೆ ಉಬ್ಬಿ ದೋಣಿಯ ತಳದ ಹಾಗಾಗಿತ್ತು. ಉಬ್ಬಿದ ತುದಿಯಲ್ಲಿ ಚರ್ಮ ಹತ್ತು ರೂಪಾಯಿ ನಾಣ್ಯದಷ್ಟು ಕಪ್ಪಾಗಿತ್ತು. ಅವತ್ತು ಅವರು ಪ್ಲಾಸ್ಟರಿಗೆ ಬೇಡ ಅನ್ನಲಿಲ್ಲ. ಡಾಕ್ಟರು ಪದರ ಪದರವಾಗಿ ಸುತ್ತಿದರು, ಕಪ್ಪಾದ ಜಾಗದ ಸುತ್ತ ಮೆತ್ತೆ ಇಟ್ಟು ಭಾರ ತಪ್ಪಿಸಿದರು. ಮೂರು ದಿನಕ್ಕೊಮ್ಮೆ ಬರಲು ಹೇಳಿದೆವು. ಬೀಗದ ವಿಷಯ ನಾನು ಡಾಕ್ಟರಿಗೆ ಹೇಳಲಿಲ್ಲ. ಬೋರ್ಡಿನ ವಿಷಯವನ್ನೂ ಹೇಳಲಿಲ್ಲ. ಮನೆಯಲ್ಲಿ ಬಿಚ್ಚುತ್ತಿದ್ದರಂತೆ ಅಂತ ಮಾತ್ರ ಹೇಳಿದೆ. ಡಾಕ್ಟರು ನಿರೀಕ್ಷಿಸಿದ್ದೇ ಅನ್ನುವ ಹಾಗೆ ತಲೆಯಾಡಿಸಿದರು. ಅವತ್ತಿನ ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ. ಸಂಜೆ ಬೋರ್ಡನ್ನು ಕಿತ್ತು ಚೂರು ಮಾಡಿ ಕಸಕ್ಕೆ ಹಾಕಿದೆ. ಯಾರೂ ಯಾಕೆ ಅಂತ ಕೇಳಲಿಲ್ಲ.

ನಾಲ್ಕನೇ ಸಲ ಬಂದಾಗ ಪ್ಲಾಸ್ಟರ್ ಕತ್ತರಿಸುವ ಮೊದಲೇ ವಾಸನೆ ಬಂತು. ನಮ್ಮ ಕೆಲಸದಲ್ಲಿ ಮೂಗು ಕಣ್ಣಿಗಿಂತ ಮುಂದೆ. ಕಪ್ಪು ಚರ್ಮದ ಕೆಳಗೆ ಕೀವು, ಗಾಯದ ಆಳ ನೋಡುವ ಕಡ್ಡಿ ಇಟ್ಟರೆ ನೇರ ಮೂಳೆಗೆ ತಾಗಿ ಟಕ್ ಅನ್ನುತ್ತಿತ್ತು. ಜ್ವರವಿತ್ತು. ಅವತ್ತೇ ವಾರ್ಡಿಗೆ ಸೇರಿಸಿದರು. ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿ ಕೊಳೆತದ್ದನ್ನು ತೆಗೆದರು. ಮೂರನೇ ಸಲಕ್ಕೆ ಸರ್ಜನ್ನು, ಮೊಣಕಾಲ ಕೆಳಗೆ ತೆಗೆಯದಿದ್ದರೆ ಜೀವಕ್ಕೇ ಬರುತ್ತದೆ ಅಂದರು.

ನಾನು ದಿನಾ ಡ್ರೆಸ್ಸಿಂಗಿಗೆ ಮೇಲೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ರೌಂಡ್ಸಿನ ಹೊತ್ತಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕೇಸ್ ಶೀಟ್ ತಿರುವುತ್ತ ನನ್ನ ಆರನೇ ವಾರದ ಸಾಲಿಗೆ ಬಂದರು. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿನವನಲ್ಲ.

"ಏನಂಕಲ್, ಬೂಟು ಹಾಕ್ಕೊಳ್ಳದೆ ಕೆಲಸಕ್ಕೆ ಹೋಗ್ತಿದ್ರಂತೆ. ಸಿಸ್ಟರ್ ಅಷ್ಟು ಹೇಳಿದ್ರೂ ಕೇಳ್ಬಾರ್ದಾ?"

ಅಡುಗೆಯವರು ಚಾವಣಿ ನೋಡುತ್ತ ಮಲಗಿದ್ದರು. ಹೆಂಡತಿ ಮಂಚದ ತುದಿಯಲ್ಲಿ ನಿಂತು, "ನಾನೂ ಎಷ್ಟು ಹೇಳಿದೆ ಸಾರ್. ನನ್ನ ಮಾತು ಎಲ್ಲಿ ಕೇಳಿದ್ರು," ಅಂದರು. ನಾನು ಅವರ ಕಾಲಿಗೆ ಬಟ್ಟೆ ಸುತ್ತುತ್ತಿದ್ದೆ. ಸುತ್ತು ಮುಗಿಸಿ, ಟ್ರೇ ಎತ್ತಿಕೊಂಡು ಹೊರಗೆ ಬಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಸುಸ್ತಾಗಿ ಚೆನ್ನಾಗಿಯೇ ನಿದ್ದೆ ಮಾಡಿದೆ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ತೀರ್ಮಾನವಾಗಿತ್ತು. ನೇರ ಮೇಟ್ರನ್ ಹತ್ತಿರ ಹೋಗಿ, ಕೇಸ್ ಶೀಟಿನಲ್ಲಿ ನಾನು ಬರೆದದ್ದು ತಪ್ಪು, ತಿದ್ದಬೇಕು ಅಂದೆ. ಎಲ್ಲವನ್ನೂ ಹೇಳಿದೆ, ಬೋರ್ಡು, ಬೀಗ, ತಮಾಷೆ.

ಮೇಟ್ರನ್ ಬಾಗಿಲು ಮುಚ್ಚಿ ಬಂದು ಕೂತರು. "ಈಗ್ಯಾಕೆ ಕೆದಕ್ತೀಯ? ನೀನು ಬರೆದ್ರೆ ಕಾಲು ವಾಪಸ್ ಬರುತ್ತಾ?"

"ಬರಲ್ಲ ಮೇಡಂ."

"ನಾಳೆ ಅವರು ಕೇಸು ಹಾಕಿದ್ರೆ ನೀನು ತಿದ್ದಿ ಬರೆದ ಸಾಲನ್ನೇ ತಗೊಂಡು ಹೋಗ್ತಾರೆ. ನಿನ್ನ ಕೆಲಸಕ್ಕೇ ಬರುತ್ತೆ. ಯೋಚನೆ ಮಾಡಿದ್ದೀಯಾ?"

"ಅವರು ಸುಳ್ಳು ಹೇಳಿಲ್ಲ ಮೇಡಂ. ಅವರೇ ಸುಳ್ಳುಗಾರರು ಅನ್ನೋ ಹಾಗೆ ನಾನು ಬರೆದಿದೀನಿ. ಕಾಲಂತೂ ಹೋಗುತ್ತೆ. ಅವರ ಮಾತಾದ್ರೂ ಉಳೀಲಿ."

ದಾಖಲೆ ತಿದ್ದಲು ಒಂದು ಕ್ರಮ ಇದೆ. ಹಳೆಯದನ್ನು ಅಳಿಸಬಾರದು, ಬಿಳಿ ಬಳಿಯಬಾರದು. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಕು, ಹೊತ್ತು ಹಾಕಿ, ಹೊಸ ಸಾಲನ್ನು ಹೊಸದಾಗಿಯೇ ಬರೆಯಬೇಕು. ಬರೆದೆ: ರೋಗಿ ಹೇಳಿಕೊಟ್ಟಷ್ಟನ್ನು ಪಾಲಿಸಿದ್ದಾರೆ. ಮನೆಯ ಒಳಗೂ ಬೂಟು ಹಾಕಬೇಕೆಂದು ಹೇಳಿಕೊಟ್ಟಿರಲಿಲ್ಲ. ಪಾದದ ಕೋಣೆಯ ಬಾಗಿಲಲ್ಲೂ ಬೂಟು ಬಿಚ್ಚಿಸಲಾಗುತ್ತಿತ್ತು. ಕೆಲಸಕ್ಕೆ ಹೋಗುತ್ತಿದ್ದರೆಂಬ ಶಂಕೆಗೆ ಆಧಾರವಿಲ್ಲ. ನಮ್ಮ ಡಾಕ್ಟರು ಅದನ್ನು ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತಗೊಂಡು ಕೆಳಗೆ, ಪ್ಲಾಸ್ಟರ್ ಬದಲು ಬೂಟು ಕೊಡುವ ನಿರ್ಧಾರ ನನ್ನದು ಅಂತ ಒಂದು ಸಾಲು ಸೇರಿಸಿ ಸಹಿ ಮಾಡಿದರು.

ಅವತ್ತು ಮಧ್ಯಾಹ್ನ ಹೆಂಡತಿ ಊಟಕ್ಕೆ ಕ್ಯಾಂಟೀನಿಗೆ ಹೋಗಿದ್ದಾಗ ಅಡುಗೆಯವರ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ. ಮಾರನೇ ದಿನ ಬೆಳಿಗ್ಗೆ ಆಪರೇಷನ್. ಏನು ಬರೆದಿದ್ದೆ, ಈಗ ಏನು ತಿದ್ದಿದ್ದೇನೆ, ಎಲ್ಲ ಹೇಳಿದೆ. "ತಪ್ಪು ನನ್ನದು. ನೀವು ಒಂದು ಸುಳ್ಳೂ ಹೇಳಿರಲಿಲ್ಲ," ಅಂದೆ. ಅಳು ಬಂತು, ಅತ್ತೆ.

ಅವರು ನನ್ನನ್ನು ಅಳಲು ಬಿಟ್ಟರು. ಸಮಾಧಾನ ಹೇಳಲಿಲ್ಲ. ಆಮೇಲೆ, "ಬರೆದಿದ್ದನ್ನ ಅವಳು ಓದ್ತಾಳಾ?" ಅಂತ ಕೇಳಿದರು.

"ಕೇಸ್ ಶೀಟ್ ಆಸ್ಪತ್ರೇಲೇ ಇರುತ್ತೆ. ಆದ್ರೆ ನಾನೇ ಹೇಳ್ತೀನಿ. ಸಂಜೆ ಇಬ್ಬರ ಮುಂದೆಯೂ ಹೇಳ್ತೀನಿ."

"ಬೇಡ."

"ಅವರು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದಾರೆ."

"ತಿಳ್ಕೊಳ್ಳಲಿ." ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದರು. "ಮೇಡಂ, ನೀವು ತಮಾಷೆಗೆ ಬೀಗ ಅಂದ್ರಿ, ಅದು ನನಗೆ ಗೊತ್ತು. ಹಾಕಿದ್ದು ಅವಳು. ನಾನು ಕದ್ದು ಅಡುಗೆಗೆ ಹೋಗಿ ಕಾಲು ಹಾಳು ಮಾಡ್ಕೊಂಡೆ ಅಂತ ಇದ್ರೆ ನಾಲ್ಕು ದಿನ ಬೈತಾಳೆ. ಒಳಗೆ ಕೂಡಿ ಹಾಕಿದ್ದಕ್ಕೇ ಹೀಗಾಯ್ತು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ನಿಮ್ಮ ಮನಸ್ಸು ಹಗುರ ಆಯ್ತಲ್ಲ, ಅಷ್ಟಕ್ಕೇ ಬಿಡಿ."

ಕೊನೆಯ ಮಾತನ್ನು ಅವರು ಚುಚ್ಚಲು ಆಡಿದರೋ, ಸುಮ್ಮನೆ ಆಡಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಚುಚ್ಚಿತು. ಆಗಲಿ ಅಂದೆ.

ಆಪರೇಷನ್ ಆದ ಹತ್ತನೇ ದಿನ ಅವರನ್ನು ಮನೆಗೆ ಕಳಿಸುವುದಿತ್ತು. ಮೊಂಡಾದ ಕಾಲಿಗೆ ಬಟ್ಟೆ ಸುತ್ತುವುದನ್ನು ಹೆಂಡತಿಗೆ ಹೇಳಿಕೊಡಲು ಹೋದೆ. ಕೆಳಗೆ ಬಿಗಿ, ಮೇಲೆ ಸಡಿಲ, ಎಂಟರ ಆಕಾರದಲ್ಲಿ ಸುತ್ತಬೇಕು. ಊತ ಕಟ್ಟದ ಹಾಗೆ ನೋಡಿಕೊಳ್ಳಲು ಇದಕ್ಕೂ ಮಾತ್ರೆ ಇಲ್ಲ. ಈಗ ನಾನು ಹಳೆಯ ಥರ ಪಾಠ ಮಾಡುವುದಿಲ್ಲ. ಮೊದಲು ಮನೆಯ ಬಗ್ಗೆ ಕೇಳುತ್ತೇನೆ. ಬಚ್ಚಲು ಎಲ್ಲಿದೆ, ಎಷ್ಟು ಮೆಟ್ಟಿಲು, ಹಗಲಿನಲ್ಲಿ ಯಾರಿರುತ್ತಾರೆ, ದೇವರ ಮನೆ ಯಾವ ಕಡೆ, ಬಾಗಿಲಲ್ಲಿ ಏನೇನು ಬಿಡುತ್ತೀರಿ. ಹೊಸದಾಗಿ ಬೂಟು ಕೊಡುವವರಿಗೆ ಮನೆಯೊಳಗೆ ಅಟ್ಟೆಯ ಮೇಲೆ ಏರಿಸಿಕೊಳ್ಳಲು ಒಗೆದ ಬಟ್ಟೆಯ ಗವಸು ಹೊಲಿಸಿ ಕೊಡುತ್ತೇನೆ. ಅದಾದ ಮೇಲೆ ಮನೆಯೊಳಗೆ ಬೂಟು ಹಾಕಿಕೊಳ್ಳದವರು ಕಡಿಮೆ.

ಅವರ ಹೆಂಡತಿಯ ಕೈ ಚುರುಕು. ಎರಡನೇ ಸಲಕ್ಕೇ ಸರಿಯಾಗಿ ಸುತ್ತಿದರು. ಪಿನ್ನು ಹಾಕಿ, ತಲೆ ಎತ್ತದೆ, ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೇಳಿದರು.

"ಸಿಸ್ಟರ್, ನಾನು ಬೀಗ ಹಾಕೋದು ಮೊದಲೇ ಶುರು ಮಾಡಿದ್ರೆ ಇವರ ಕಾಲು ಉಳೀತಿತ್ತು ಅಲ್ವಾ?"

ಅಡುಗೆಯವರು ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ಹೂಂ," ಅಂದೆ.